ದಮ್ಮಿನ ಹಾಡು, ಫುಟ್‌ಪಾತಿನ ಸಾವು

ಮಾದಕ ವ್ಯಸನ ಮತ್ತು ಸಿನಿಮಾ ಎಂಬ ವಿಷಯಕ್ಕೂ ಕಾಗಾಲಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಅಘನಾಶಿನಿ ದಾಟಿದರೆ ತದಡಿ. ಅಲ್ಲಿಂದ ಗೋಕರ್ಣ ಎಷ್ಟು ದೂರ? ಕಠ್ಮಂಡು, ಗೋವಾ ಎಂದು ಅಲೆದ ಹಿಪ್ಪಿಗಳ ದಾರಿ ಕುಡ್ಲೆ, ಓಂ ಬೀಚುಗಳ ತನಕ ಬಂದದ್ದನ್ನು ಇಲ್ಲಿನ ಹಿರಿಯರು ಕಂಡಿದ್ದಾರೆ.

ಆ ಕಠ್ಮಂಡುವಿನ ಚಿತ್ರವೇ ದೇವಾನಂದ್ ನಿರ್ದೇಶಿಸಿದ ‘ಹರೇ ರಾಮ ಹರೇ ಕೃಷ್ಣ’ (1971). ತಂದೆ ತಾಯಿ ಬೇರೆಯಾದ ಮನೆಯ ಹುಡುಗಿ ಜಸ್‌ಬೀರ್, ಜಾನಿಸ್ ಎಂಬ ಹೆಸರಿನಲ್ಲಿ ಹಿಪ್ಪಿಗಳ ಗುಂಪು ಸೇರುತ್ತಾಳೆ. ಅಣ್ಣ ಹುಡುಕಿಕೊಂಡು ಹೋಗುತ್ತಾನೆ. ಸಿಗುತ್ತಾಳೆ, ಉಳಿಯುವುದಿಲ್ಲ. ಚಿತ್ರದ ಉದ್ದೇಶ ಎಚ್ಚರಿಕೆಯೇ. ಆದರೆ ಜನರ ನಾಲಿಗೆಯ ಮೇಲೆ ನಿಂತದ್ದು ಆರ್.ಡಿ. ಬರ್ಮನ್ ಸಂಗೀತದ, ಆಶಾ ಭೋಂಸ್ಲೆ ಹಾಡಿದ ‘ದಮ್ ಮಾರೋ ದಮ್’. ಜೀನತ್ ಅಮಾನ್ ಹೊಗೆ ಬಿಟ್ಟದ್ದು ಎಲ್ಲರಿಗೂ ನೆನಪಿದೆ. ಆ ಹುಡುಗಿ ಸತ್ತದ್ದು ಎಷ್ಟು ಜನಕ್ಕೆ ನೆನಪಿದೆ? ಉಪದೇಶವನ್ನು ಹಾಡು ನುಂಗಿಹಾಕಿತು.

ಇದರ ಎದುರಿಗೆ ನಾನು ಇಡುವುದು ನಮ್ಮ ಹೊನ್ನಾವರದ ಕಡೆಯ ಅಣ್ಣತಮ್ಮಂದಿರ ಚಿತ್ರ, 1985ರ ‘ಆಕ್ಸಿಡೆಂಟ್’. ನಿರ್ದೇಶನ ಶಂಕರ್ ನಾಗ್. ರಾಜಕಾರಣಿ ಧರ್ಮಾಧಿಕಾರಿಯಾಗಿ ಅನಂತ್ ನಾಗ್. ಅವನ ಮಗ ಗೆಳೆಯನೊಂದಿಗೆ ಅಮಲಿನಲ್ಲಿ ಕಾರು ಓಡಿಸಿ, ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಯವರ ಮೇಲೆ ಹರಿಸುತ್ತಾನೆ. ಅಪ್ಪ ಅದನ್ನು ಮುಚ್ಚಿಹಾಕಲು ಹೊರಡುತ್ತಾನೆ, ಪತ್ರಕರ್ತನೊಬ್ಬ ಬೆನ್ನು ಹತ್ತುತ್ತಾನೆ. ಪತ್ರಕರ್ತ ಸ್ವತಃ ಶಂಕರ್. ಸಾಮಾಜಿಕ ಸಮಸ್ಯೆಯ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ನನಗೆ ಇದು ಹೆಚ್ಚಿನದೆನಿಸಲು ಕಾರಣವಿದೆ. ಹಿಂದಿ ಚಿತ್ರದಲ್ಲಿ ವ್ಯಸನ ಒಂದು ಮನೆಯ ದುಃಖ. ಇಲ್ಲಿ ಅದರ ಬೆಲೆ ತೆತ್ತವರು ಹೊಟ್ಟೆಪಾಡಿಗೆ ಪಟ್ಟಣಕ್ಕೆ ಬಂದ, ಗಾಂಜಾದ ಹೆಸರನ್ನೂ ಎತ್ತದ ಜನ. ಮತ್ತೆ, ಮಗನ ಅಮಲಿಗಿಂತ ಅಪ್ಪ ಅದನ್ನು ಮುಚ್ಚುವ ರೀತಿಯೇ ಹೆಚ್ಚು ಭಯ ಹುಟ್ಟಿಸುತ್ತದೆ.

ಮುಚ್ಚುವುದು ರಾಜಕಾರಣಿಯ ಮನೆಯಲ್ಲಿ ಮಾತ್ರವಲ್ಲ. ಮಂಗಳೂರಿಗೋ ಬೆಂಗಳೂರಿಗೋ ಓದಲು ಹೋದ ಮಗ ರಜೆಗೆ ಬಂದಾಗ ಕಣ್ಣು ಕೆಂಪಗಿದ್ದರೆ ನಾವು ಏನೆನ್ನುತ್ತೇವೆ? ‘ಬಸ್ಸಿನಲ್ಲಿ ನಿದ್ದೆಯಿಲ್ಲ, ಪಾಪ’. ನೆಂಟರ ಬಾಯಿಗೆ ಹೆದರುತ್ತೇವೆ, ಪೊಲೀಸರಿಗೆ ಇನ್ನೂ ಹೆದರುತ್ತೇವೆ.

ಪೊಲೀಸರ ಹೆದರಿಕೆಗೆ ಒಂದು ಮಾತು. ಮಾದಕ ವಸ್ತುಗಳ ಕಾಯಿದೆ ಜಾರಿಯಾದದ್ದೂ 1985ರಲ್ಲೇ, ನವೆಂಬರ್ 14ರಂದು. ಕಠಿಣ ಕಾನೂನು, ನಿಜ. 20 ಕಿಲೋ ಮೀರಿದ ಗಾಂಜಾಕ್ಕೆ ಕನಿಷ್ಠ 10 ವರ್ಷ ಸೆರೆ. ಆದರೆ ಅದೇ ಕಾಯಿದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ, ಆ ಆರೋಪದ ವಿಚಾರಣೆಯಿಂದ ರಕ್ಷಣೆ ಉಂಟು. ಚಿಕಿತ್ಸೆ ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಎಲ್ಲಿಗೆ ಹೋಗಬೇಕು ಎಂದು ಕೇಳಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 14446. ಬರೆದುಕೊಳ್ಳುವವರು ಬರೆದುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ.