ಮತದಾರರು ಸಭಾಸದರಾಗುವ ಬಗೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಜನರಿಗೆ ರಾಜಕೀಯ ಸಭೆಯಲ್ಲಿ ಕುಳಿತು ಮಾತನಾಡುವ ಹಕ್ಕು ಬಹಳ ತಡವಾಗಿ ದೊರೆಯಿತು. ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುತ್ತಿದ್ದಂತೆಯೇ ಸರ್ಕಾರ ಅದನ್ನು ನಿಷೇಧಿಸಿತು. ಪಕ್ಷದ ಬಾಗಿಲು ಹೀಗೆ ಮುಚ್ಚಿದ್ದಾಗ ಕನ್ನಡಿಗರು ಸಾರ್ವಜನಿಕ ಮಾತಿನ ಮೊದಲ ಪಾಠಗಳನ್ನು ಸಾಹಿತ್ಯ ಸಂಘಗಳಲ್ಲಿಯೂ ನಿಜಾಮ್ ಕರ್ನಾಟಕ ಪರಿಷತ್ತಿನಂತಹ ವೇದಿಕೆಗಳಲ್ಲಿಯೂ ಕಲಿತರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡ ನಂತರ ರಾಜಕೀಯದ ದಾರಿ ತೆರೆಯಿತು, ಮೊದಲ ಮಹಾಚುನಾವಣೆಯಲ್ಲಿ ವಯಸ್ಕರೆಲ್ಲರಿಗೂ ಮತ ದೊರೆಯಿತು. ಆದರೆ ಮತ ಹಾಕುವುದಕ್ಕೂ ಸಭೆ ನಡೆಸುವುದಕ್ಕೂ ಬೇಕಾದ ತಿಳಿವಳಿಕೆ ಒಂದೇ ಅಲ್ಲ.

ಸಭೆ ನಡೆಸುವ ಈ ತಿಳಿವಳಿಕೆ ಕೆಲವೆಡೆ ಪಕ್ಷದೊಳಗೇ ದೊರೆಯುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಪಕ್ಷದ ಸಾಮಾನ್ಯ ಬೆಂಬಲಿಗರು ಊರಿನಲ್ಲಿ ಒಟ್ಟುಗೂಡಿ, ಅಭ್ಯರ್ಥಿಗಳ ಬಗ್ಗೆ ಚರ್ಚಿಸಿ, ಮೇಲಿನ ಸಮಾವೇಶಕ್ಕೆ ಪ್ರತಿನಿಧಿಗಳನ್ನು ಆರಿಸುವ ಸಭೆಗೆ 'ಕಾಕಸ್' ಎಂದು ಹೆಸರು. ಭಾರತದಲ್ಲಿ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಪಕ್ಷದ ವರಿಷ್ಠರೇ ಗೊತ್ತುಮಾಡುವುದರಿಂದ ಹಳ್ಳಿಯ ಮತದಾರನಿಗೆ ಅಂತಹ ಅವಕಾಶ ಅಪರೂಪ. ಅವನು ಪ್ರತಿನಿಧಿಯ ಮಧ್ಯಸ್ಥಿಕೆಯಿಲ್ಲದೆ ತಾನೇ ಕುಳಿತು ತೀರ್ಮಾನದಲ್ಲಿ ಭಾಗಿಯಾಗುವ ಸ್ಥಳವೆಂದರೆ ಗ್ರಾಮಸಭೆ, ಅಂದರೆ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮತದಾರರೆಲ್ಲರ ಸಭೆ.

ಈ ಸಭೆಗೆ ಕರ್ನಾಟಕದಲ್ಲಿ ಜೀವ ತುಂಬಿದವರಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಮುಖ್ಯವಾದುದು. ಅವರು ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟು, ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿಯ ನಂತರ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂದಿತು, ಮುಂದೆ ಗ್ರಾಮಸಭೆಗೂ ಮೊದಲು ನಡೆಯಬೇಕಾದ ವಾರ್ಡ್ ಸಭೆಯೂ ಕಾನೂನಿನಲ್ಲಿ ಸೇರಿತು. ಮೈಸೂರಿನಲ್ಲಿ ನಜೀರ್ ಸಾಬ್ ಅವರ ಹೆಸರಿನಲ್ಲೇ ಇರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಚುನಾಯಿತ ಸದಸ್ಯರಿಗೆ ಉಪಗ್ರಹದ ಮೂಲಕವೂ ತರಬೇತಿ ನೀಡಿತು. ಇದು ದೊಡ್ಡ ಕೆಲಸವೇ ಸರಿ. ಆದರೂ ಪಾಠದ ಹೆಚ್ಚಿನ ಪಾಲು ಗೆದ್ದವರಿಗೆ ಸಂದಿತು, ಗೆಲ್ಲಿಸಿದವರಿಗೆ ಸಲ್ಲಲಿಲ್ಲ. ಕ್ರಿಯಾಯೋಜನೆ ಎಂದರೆ ವರ್ಷದ ಕಾಮಗಾರಿಗಳ ಪಟ್ಟಿ, ನಡಾವಳಿ ಎಂದರೆ ಸಭೆಯ ತೀರ್ಮಾನಗಳ ಲಿಖಿತ ದಾಖಲೆ ಎಂಬಷ್ಟನ್ನೂ ಕೂಲಿಗೆ ಹೋಗುವ ಮಹಿಳೆಗೆ ಯಾರಾದರೂ ಕುಳಿತು ವಿವರಿಸದಿದ್ದರೆ ಆಕೆಯ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಗ್ರಾಮಸಭೆ ಮತದಾರರ ಸಭೆಯಾದ್ದರಿಂದ ಮತದಾರರ ಪಟ್ಟಿಯ ತಿಳಿವಳಿಕೆಯೂ ಅಷ್ಟೇ ಮುಖ್ಯ. ಅದರ ಬೆಲೆ ಎಷ್ಟೆಂಬುದನ್ನು ಆಳಂದ ಕ್ಷೇತ್ರವೇ ಇಡೀ ದೇಶಕ್ಕೆ ತೋರಿಸಿತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿ ಮತದಾರರ ಹೆಸರು ತೆಗೆಯುವಂತೆ ಕೋರುವ ನಮೂನೆ 7ರ ಅರ್ಜಿಗಳು ಆನ್‌ಲೈನ್ ಮೂಲಕ 6,018 ಬಂದಿದ್ದವು. ಪರಿಶೀಲನೆಯ ನಂತರ ಅವುಗಳಲ್ಲಿ 24 ಮಾತ್ರ ಸರಿಯಾಗಿದ್ದು, ಉಳಿದ 5,994 ತಪ್ಪೆಂದು ಚುನಾವಣಾ ಆಯೋಗ ತಿಳಿಸಿತು. ಹೆಸರು ಸೇರಿಸಲು ನಮೂನೆ 6, ತಿದ್ದಲು ನಮೂನೆ 8 ಎಂಬುದು ಶಾಲಾ ಪಾಠದಷ್ಟೇ ಅಗತ್ಯವೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ಭೀಮೆಯ ದಡದ ಅಫಜಲಪುರ, ಜೇವರ್ಗಿಗಳ ಹಳ್ಳಿಗಳಲ್ಲಿಯೂ ಆಳಂದದಲ್ಲಿಯೂ ಗ್ರಾಮಸಭೆಯ ಡಂಗುರ ಕೇಳಿದ ದಿನ ಕೇಳುಗರು ತಪ್ಪದೆ ಹೋಗಲಿ. ಬೇಡಿಕೆಯನ್ನು ಹೇಳಿ ಸುಮ್ಮನಾಗದೆ, ಅದು ನಡಾವಳಿಯಲ್ಲಿ ಬರೆಯಲ್ಪಟ್ಟಿದೆಯೇ ಎಂದು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಲಿ.