ಕಿಟೆಲ್ ಎಂದರೆ ಯಾವ ಕಿಟೆಲ್?



ಕಿಟೆಲ್ ಎಂದೊಡನೆ ನಮಗೆ ನೆನಪಾಗುವವರು ಒಬ್ಬರೇ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ.

ಜರ್ಮನಿಗೆ ಹೋಗಿ ಕಿಟೆಲ್ ಅನ್ನಿ, ಅಲ್ಲಿ ಅದು ಬಟ್ಟೆ! ಕೆಲಸಗಾರರು, ಪ್ರಯೋಗಾಲಯದವರು ಮೇಲೆ ತೊಡುವ ನಿಲುವಂಗಿ. ಮನೆತನದ ಹೆಸರಾಗಿಯೂ ಹಲವರಿಗಿದೆ. ಸಂಗೀತಗಾರ ಬಾಖ್‌ನ ಶಿಷ್ಯನೊಬ್ಬ ಕಿಟೆಲ್. ಟೂರ್ ಡಿ ಫ್ರಾನ್ಸ್‌ನಲ್ಲಿ 14 ಹಂತ ಗೆದ್ದ ಸೈಕಲ್ ಪಟು ಮಾರ್ಸೆಲ್ ಕೂಡ ಕಿಟೆಲ್.

ಇನ್ನೊಬ್ಬನ ವಿಷಯ ಮಾತ್ರ ನಿಂತು ಹೇಳಬೇಕು. ಗೆರ್ಹಾರ್ಡ್ ಕಿಟೆಲ್. ಇವನೂ ನಿಘಂಟುಕಾರನೇ! ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಮಹಾಕೋಶದ ಸಂಪಾದಕ. ನಮ್ಮ ಕಿಟೆಲ್ 1903ರಲ್ಲಿ ಕಣ್ಮುಚ್ಚಿದ ಟ್ಯೂಬಿಂಗೆನ್ ಊರಿನಲ್ಲೇ ಮುಂದೆ ಪ್ರಾಧ್ಯಾಪಕನಾದವನು. ಕೋಶದ ಮೊದಲ ಸಂಪುಟ ಬಂದದ್ದು 1933ರಲ್ಲಿ. ಅದೇ ವರ್ಷ ಹಿಟ್ಲರನ ಪಕ್ಷ ಸೇರಿದ. ಯಹೂದಿಗಳನ್ನು ನಾಗರಿಕರೆಂದು ಎಣಿಸದೆ, ಹೊರಗಿನ ಅತಿಥಿಗಳಂತೆ ಬೇರೆ ಇಡಬೇಕೆಂದು ಭಾಷಣ ಬಿಗಿದ. 1945ರಲ್ಲಿ ಫ್ರೆಂಚರ ಸೆರೆಯಾದ. ಒಬ್ಬೊಬ್ಬ ಪದದ ಹುಟ್ಟನ್ನೂ ಅಷ್ಟು ಅಕ್ಕರೆಯಿಂದ ಹುಡುಕಿದವನಿಗೆ ಪಕ್ಕದ ಮನೆಯವನು ಮನುಷ್ಯನಾಗಿ ಕಾಣಲಿಲ್ಲವೆ?

ಅಂದಹಾಗೆ, ಅಲ್ಲಿನ ಯಹೂದಿಗಳು ಯೋಮ್ ಕಿಪ್ಪುರ್ ಪ್ರಾರ್ಥನೆಗೆ ತೊಡುವ, ಸತ್ತಾಗ ಶವಕ್ಕೂ ತೊಡಿಸುವ ಬಿಳಿ ನಿಲುವಂಗಿಯೊಂದಿದೆ. ಅದರ ಹೆಸರೂ ಕಿಟೆಲ್.