ಮೂರನೆಯ ಸಹಿ
(ಮೊಹಲ್ಲಾ ಕಮಿಟಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜಕೀಯದ ಕುರಿತು ಮಾತನಾಡಬೇಕೆಂದು ಸಂಘಟಕರು ನಮಗೆ ತಿಳಿಸಿದ್ದರು. ನಾವು ಚರಂಡಿ, ನಲ್ಲಿ, ಬೀದಿದೀಪಗಳ ಕುರಿತು ಮಾತನಾಡಲಿದ್ದೇವೆ. ಸಮುದಾಯದ ಪಾಲಿಗೆ ಇದಕ್ಕಿಂತ ಹತ್ತಿರದ ರಾಜಕೀಯವನ್ನು ನಾವು ಕಾಣೆವು. 2001ರ ಜನಗಣತಿಯ ಪ್ರಕಾರ ದೇಶದ ಜನರಲ್ಲಿ ಪಟ್ಟಣವಾಸಿಗಳು ಸುಮಾರು ಶೇ. 28 ಆಗಿದ್ದರೆ, ಮುಸ್ಲಿಮರಲ್ಲಿ ಆ ಪ್ರಮಾಣ ಶೇ. 36ರಷ್ಟಿತ್ತು. ಕರ್ನಾಟಕದಲ್ಲಂತೂ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣಗಳಲ್ಲೇ ಇದ್ದಾರೆ. ಆದುದರಿಂದ ಪುರಸಭೆ ಕೆಟ್ಟರೆ ಮೊದಲು ಕೆಡುವುದು ನಮ್ಮ ಓಣಿ.

1993ರ ಜೂನ್ 1ರಂದು ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಪಟ್ಟಣಗಳ ಆಡಳಿತಕ್ಕೆ ಸಾಂವಿಧಾನಿಕ ಸ್ಥಾನ ದೊರೆಯಿತು. ಹನ್ನೆರಡನೇ ಅನುಸೂಚಿಯಲ್ಲಿ 18 ಕಾರ್ಯಗಳನ್ನು ಪಟ್ಟಿ ಮಾಡಲಾಯಿತು. ಆದರೆ ಅವುಗಳನ್ನು ವಹಿಸಿಕೊಡುವ ಅಧಿಕಾರ ರಾಜ್ಯ ಶಾಸಕಾಂಗದಲ್ಲೇ ಉಳಿಯಿತು. ಕೊಡಲೇಬೇಕೆಂದು ಬರೆಯಲಿಲ್ಲ, ಕೊಡಬಹುದು ಎಂದು ಬರೆದರು. ಮನೆ ನಮ್ಮ ಹೆಸರಿಗೆ, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ. ಇಂದಿಗೂ ನೀರಿನ ಯೋಜನೆ ಮಂಡಳಿಯದು, ಬಡಾವಣೆಯ ನಕ್ಷೆ ಪ್ರಾಧಿಕಾರದ್ದು. ಬೈಗುಳ ಮಾತ್ರ ಪುರಸಭಾ ಸದಸ್ಯನದು.

2005ರ ಡಿಸೆಂಬರ್ 3ರಂದು ಕೇಂದ್ರ ಸರಕಾರವು ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಅಭಿಯಾನವನ್ನು ಆರಂಭಿಸಿತು. ಕರ್ನಾಟಕದಿಂದ ಬೆಂಗಳೂರು, ಮೈಸೂರುಗಳು ಆಯ್ಕೆಯಾದವು. ಬೆಂಗಳೂರಿನಂಥ ಮಹಾನಗರಕ್ಕೆ ಯೋಜನಾ ವೆಚ್ಚದ ಶೇ. 35 ಕೇಂದ್ರದ್ದು, ಶೇ. 15 ರಾಜ್ಯದ್ದು, ಉಳಿದರ್ಧ ನಗರದ್ದು. ಸಣ್ಣ ಪಟ್ಟಣಗಳ ಜೊತೆ ಯೋಜನೆಯಲ್ಲಿ ಕೇಂದ್ರವೇ ಶೇ. 80 ಕೊಟ್ಟಿತು. ಆದರೆ ಹಣ ಬರಿಗೈಯಲ್ಲಿ ಬರಲಿಲ್ಲ, ಷರತ್ತುಗಳೊಂದಿಗೆ ಬಂತು. ಅಭಿಯಾನದ ನಗರಗಳಲ್ಲಿ ಕೇಂದ್ರ, ರಾಜ್ಯ, ನಗರಾಡಳಿತ ಈ ಮೂವರೂ ಸಹಿ ಹಾಕಿದ ಒಪ್ಪಂದಪತ್ರವಿತ್ತು. ಜಮಾಖರ್ಚು ಸುಧಾರಿಸಬೇಕು, ಆಸ್ತಿ ತೆರಿಗೆಯ ವಸೂಲಿ ಹೆಚ್ಚಬೇಕು, ನೀರಿನ ನಿರ್ವಹಣಾ ವೆಚ್ಚವನ್ನು ಬಳಕೆದಾರರಿಂದಲೇ ಪಡೆಯಬೇಕು, ಬಡವರಿಗಾಗಿ ಬಜೆಟ್‌ನಲ್ಲಿ ಹಣ ಮೀಸಲಿಡಬೇಕು, ನಾಗರಿಕರ ಸಹಭಾಗಿತ್ವಕ್ಕೆ ಕಾನೂನು ರಚಿಸಬೇಕು ಎಂಬಿವು ಅದರೊಳಗಿದ್ದವು.

ಈ ಷರತ್ತುಗಳೆಲ್ಲ ಕೆಟ್ಟವೆಂದು ನಾವು ಹೇಳುತ್ತಿಲ್ಲ. ಸಾರ್ವಜನಿಕ ಹಣ ಅಮಾನತ್. ಅದರ ಲೆಕ್ಕ ಕೇಳುವವನು ಶತ್ರುವಲ್ಲ. ನಮ್ಮ ಆಕ್ಷೇಪ ಬೇರೆಯದು. ಜನರಿಂದ ಪಡೆಯುವ ಷರತ್ತುಗಳು ಬೇಗನೆ ಹೆಜ್ಜೆಯಿಟ್ಟವು, ಜನರಿಗೆ ಕುರ್ಚಿ ಕೊಡುವ ಷರತ್ತು ತೆವಳಿತು. ವಾರ್ಡ್ ಸಮಿತಿ ಹಾಗೂ ಪ್ರದೇಶ ಸಭೆಗಳಿಗಾಗಿ ನಗರಪಾಲಿಕೆ ಕಾಯಿದೆಗೆ ತಿದ್ದುಪಡಿ ಬಂದದ್ದು 2011ರಲ್ಲಿ. ವಾರ್ಡ್ ಸಮಿತಿಯ ನಿಯಮಾವಳಿ ಸಿದ್ಧವಾದದ್ದು 2016ರಲ್ಲಿ. ಅಷ್ಟರಲ್ಲಿ, ಅಂದರೆ 2014ರ ಮಾರ್ಚ್‌ನಲ್ಲಿ, ಅಭಿಯಾನವೇ ಮುಗಿದಿತ್ತು. ಸಾಲದ ಕಂತು ತೀರಿದ ಮೇಲೆ ಸಾಲಗಾರನಿಗೆ ಪತ್ರ ಓದಿ ಹೇಳಿದಂತೆ.

2015ರಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಬಂದಾಗ ಈ ಮೂರನೆಯ ಸಹಿ ಇನ್ನಷ್ಟು ಮಸುಕಾಯಿತು. ಕೆಲಸವನ್ನು ಚುನಾಯಿತ ಪಾಲಿಕೆಗೆ ವಹಿಸದೆ, ರಾಜ್ಯ ಮತ್ತು ಪಾಲಿಕೆ ಸಮಪಾಲು ಹೊಂದಿದ ಕಂಪೆನಿಗೆ ವಹಿಸಲಾಯಿತು. ಮಂಗಳೂರು, ಶಿವಮೊಗ್ಗ, ತುಮಕೂರು, ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಬೆಂಗಳೂರುಗಳಲ್ಲಿ 2025ರ ಮಾರ್ಚ್‌ವರೆಗೆ ಇದೇ ಕ್ರಮ ನಡೆಯಿತು. ಕಂಪೆನಿಗೆ ದಕ್ಷತೆ ಇರಬಹುದು, ಆದರೆ ಅದಕ್ಕೆ ಮತದಾರರಿಲ್ಲ. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿಯಿತು. 2025ರಲ್ಲಿ ಪಾಲಿಕೆಯನ್ನೇ ಐದಾಗಿ ವಿಂಗಡಿಸುವವರೆಗೂ ಚುನಾವಣೆ ನಡೆಯಲಿಲ್ಲ. ಕೇಂದ್ರ ಮತ್ತು ಸ್ಥಳೀಯ ಸಂಸ್ಥೆಗಳ ಸಹಕಾರವೆಂದು ನಾವು ಭಾಷಣ ಮಾಡುತ್ತೇವೆ. ಸಹಕರಿಸಲು ಆ ಬದಿಯಲ್ಲಿ ಯಾರೂ ಇರಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. 2006ರಲ್ಲಿ ಘೋಷಣೆಯಾದ ಪ್ರಧಾನಿಯವರ 15 ಅಂಶಗಳ ಕಾರ್ಯಕ್ರಮದಲ್ಲಿ, ಅಲ್ಪಸಂಖ್ಯಾತರು ವಾಸಿಸುವ ಕೊಳೆಗೇರಿಗಳ ಸುಧಾರಣೆಗೆ ಇದೇ ನಗರ ನವೀಕರಣದ ಹಣ ತಲುಪಬೇಕೆಂದು ಬರೆಯಲಾಗಿತ್ತು. ಇದನ್ನು ಕೈಯಲ್ಲಿ ಹಿಡಿದು ಪುರಸಭೆಯ ಮೆಟ್ಟಿಲು ಹತ್ತಿದ ಮೊಹಲ್ಲಾ ಕಮಿಟಿಗಳೆಷ್ಟು? ನಮ್ಮ ಊರಿನಲ್ಲಿ ಬಜೆಟ್ ಪೂರ್ವಭಾವಿ ಸಭೆಗೆ ಒಮ್ಮೆ ಹೋಗಿದ್ದೆವು. ವರ್ತಕರ ಸಂಘದವರು ಮುಂದಿನ ಸಾಲಿನಲ್ಲಿ ಟಿಪ್ಪಣಿ ಹಿಡಿದು ಕುಳಿತಿದ್ದರು. ನಮ್ಮ ಮೊಹಲ್ಲಾದಿಂದ ಬಂದವರು ಇಬ್ಬರೇ, ಅವರಲ್ಲೊಬ್ಬರು ಜನನ ಪ್ರಮಾಣಪತ್ರದ ತಿದ್ದುಪಡಿಗೆ ಬಂದು ದಾರಿ ತಪ್ಪಿದವರು! ಅದೇ ವಾರ ಮಸೀದಿಯ ಮಿನಾರದ ಬಣ್ಣದ ಚರ್ಚೆಗೆ ಅಂಗಳ ತುಂಬಿತ್ತು. ಹಾದಿಯಲ್ಲಿನ ತೊಡಕನ್ನು ಸರಿಸುವುದು ಈಮಾನಿನ ಭಾಗವೆಂದು ಪ್ರವಾದಿ(ಸ)ರು ಕಲಿಸಿದ್ದನ್ನು ಅಂಗಳದಲ್ಲಿದ್ದ ಎಲ್ಲರೂ ಬಲ್ಲರು. ಮಿನಾರದ ಎದುರಿನ ಚರಂಡಿ ಆಗಲೂ ಉಕ್ಕುತ್ತಿತ್ತು.

ತೆರಿಗೆಯ ವಿಷಯದಲ್ಲೂ ಕಹಿಯಾದ ಮಾತೊಂದನ್ನು ಹೇಳಲೇಬೇಕು. ಅಂಗಡಿಯನ್ನು ಮನೆಯೆಂದು ತೋರಿಸಿ ಕಡಿಮೆ ತೆರಿಗೆ ಕಟ್ಟಿದವನು ರಸ್ತೆ ಕೇಳುವಾಗ ದನಿ ತಾನಾಗಿಯೇ ತಗ್ಗುತ್ತದೆ.

15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ನಗರ ಅನುದಾನಕ್ಕೆ, ಪುರಸಭೆಗಳು ತಮ್ಮ ಲೆಕ್ಕಪತ್ರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂಬ ಷರತ್ತು ಹಾಕಿತು. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತು. ಈ ಷರತ್ತು ನಮ್ಮ ಪರವಾಗಿದೆ. ನಮ್ಮ ವಾರ್ಡಿನಲ್ಲಿ ಆ ಹಣದಿಂದ ಎಷ್ಟು ಮೀಟರ್ ಪೈಪು ಬಿತ್ತು, ಎಷ್ಟು ಚರಂಡಿ ಕಟ್ಟಿದರು ಎಂದು ಕೇಳುವ ಹಕ್ಕು 2005ರ ಮಾಹಿತಿ ಹಕ್ಕು ಕಾಯಿದೆಯಿಂದ ಪ್ರತಿಯೊಬ್ಬ ನಾಗರಿಕನಿಗಿದೆ. ಶುಲ್ಕ 10 ರೂಪಾಯಿ. ಅರ್ಜಿಯ ಕರಡನ್ನು ಸಿದ್ಧಪಡಿಸಿ ತಂದಿದ್ದೇವೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ವಾರ್ಡ್ ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದೇವೆ. ಸಹೋದರಿಯರಿಗೂ ಸಾಕಾಗುವಷ್ಟು ಪ್ರತಿಗಳಿವೆ. ನೀರು ಹೊರುವವರು ಅವರೇ ತಾನೇ.